ಅವಳನ್ನು ಪಾಸ್ ಮಾಡಿಸೋಕೆ ಹೋಗಬೇಡ

ಪ್ರೀತಿಯ ಗೆಳೆಯಾ,

"ಮುಂದಿನ ವಾರ ಮಗಳನ್ನು ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಆಟಿಸಂ ಇದೆಯಾ ಅಂತ ನೋಡುತ್ತಾರಂತೆ, ಅಲ್ಲಿ ಏನು ಮಾಡ್ತಾರೆ?" ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ನಿನ್ನ ಕಿವಿಗೆ ಬೀಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಿವಿ ನೋಡುತ್ತಾರೆ. ಮಾತು ಬಾರದ, ಕರೆದರೆ ತಿರುಗದ ಮಗುವಿಗೆ ಕೇಳಿಸುತ್ತಾ ಇಲ್ಲವಾ ಅನ್ನೋದು ಮೊದಲು ಗೊತ್ತಾಗಬೇಕಲ್ವಾ? ಬೆರಾ ಅಂತ ಒಂದು ಪರೀಕ್ಷೆ. ಮಗು ನಿದ್ದೆಯಲ್ಲಿರುವಾಗ ಹಣೆಗೆ, ಕಿವಿ ಹಿಂದೆ ವೈರು ಅಂಟಿಸಿ, ಕಿವಿಗೆ ಟಕ್ ಟಕ್ ಶಬ್ದ ಬಿಡುತ್ತಾರೆ. ನೋವೇನಿಲ್ಲ. ಕಷ್ಟ ಇರುವುದು ನಿದ್ದೆಯಲ್ಲೇ. ಅಲ್ಲಿ ಮಲಗಲಿ ಅಂತ ನಾವು ನಮ್ಮ ಮಗ ಪುಟ್ಟನನ್ನು ಬೆಳಗಿನ ನಾಲ್ಕಕ್ಕೇ ಎಬ್ಬಿಸಿ ಮಂಡ್ಯದಿಂದ ಹೊರಟೆವು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅವನು ಅಮ್ಮನ ಹೆಗಲ ಮೇಲೆ ಗಾಢ ನಿದ್ದೆ. ಅಲ್ಲಿಗೆ ಹೋಗಿ ಇಳಿದಾಗ ಕಣ್ಣು ಪಿಳಿಪಿಳಿ! ಇನ್ನೊಂದು ದಿನ ಮತ್ತೆ ಹೋಗಬೇಕಾಯಿತು. ನೀನು ದಾರಿಯಲ್ಲಿ ಅವಳನ್ನು ಆಡಿಸುತ್ತಾ, ತಿನ್ನಿಸುತ್ತಾ ಹೇಗಾದರೂ ಎಚ್ಚರ ಇಡು.

ಆಮೇಲೆ ಪ್ರಶ್ನೆಗಳು. ಇದಕ್ಕೇ ಒಂದು ಗಂಟೆ ಬೇಕಾದರೂ ಆಗಬಹುದು. ಹುಟ್ಟಿದ ಕೂಡಲೇ ಅತ್ತಳಾ, ಕಾಮಾಲೆ ಬಂದಿತ್ತಾ, ಕತ್ತು ನಿಂತಿದ್ದು ಯಾವಾಗ, ಮೊದಲ ಮಾತು ಯಾವುದು, ಬಂದ ಮಾತು ನಿಂತುಹೋಯಿತಾ. ತಾಯಿ ಕಾರ್ಡು, ಡಿಸ್‌ಚಾರ್ಜ್ ಚೀಟಿ ಎಲ್ಲ ಒಂದು ಕವರಿಗೆ ಹಾಕಿಕೋ. ತಾರೀಖು ನೆನಪಿಲ್ಲದಿದ್ದರೆ "ಹಬ್ಬದ ಹೊತ್ತಿಗೆ ನಡೀತಿದ್ದಳು" ಅಂದರೂ ಸಾಕು.

ನಾನು ಎಡವಿದ್ದು ಇಲ್ಲೇ. "ಹೆಸರು ಕರೆದರೆ ತಿರುಗ್ತಾನಾ?" ಅಂತ ಕೇಳಿದರು. "ತಿರುಗ್ತಾನೆ ಮೇಡಂ" ಅಂದುಬಿಟ್ಟೆ. ಹೆಂಡತಿ ನನ್ನನ್ನೇ ನೋಡಿದಳು. ಆಮೇಲೆ ಅವಳೇ ಹೇಳಿದಳು: "ಮೂರನೇ ಮನೆಯ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ತಾನೆ. ನಾನು ಪಕ್ಕದಲ್ಲೇ ಕೂತು ಹತ್ತು ಸಲ ಕರೆದರೂ ತಿರುಗಲ್ಲ." ಹಿಂದಿನ ವಾರವೆಲ್ಲ ನಾನು ಅವನಿಗೆ ಟಾಟಾ ಮಾಡೋದು, ಕಾಗೆ ತೋರಿಸೋದು ಅಭ್ಯಾಸ ಮಾಡಿಸಿದ್ದೆ. ಹೇಗಾದರೂ ಪಾಸ್ ಮಾಡಿಸಬೇಕು ಅಂತ! ಎಷ್ಟು ಪೆದ್ದು ನೋಡು. ನೀನು ಅವಳ ಚೆಂದದ ವಿಡಿಯೋ ಒಯ್ಯಬೇಡ. ಬಟ್ಟಲು ತಿರುಗಿಸುತ್ತಾ ಅರ್ಧ ಗಂಟೆ ಕೂರುತ್ತಾಳೆ ಅಂದೆಯಲ್ಲ, ಅದನ್ನು ಒಯ್ಯಿ. ಮದುವೆಮನೆಯ ವಾಲಗಕ್ಕೆ ಚೀರಿದ್ದನ್ನೂ ಒಯ್ಯಿ.

ಆಟದ ಕೋಣೆಯಲ್ಲಿ ನಿನಗೆ ಸುಮ್ನೆ ಕೂರುವುದೇ ಶಿಕ್ಷೆ. ಸೋಪಿನ ಗುಳ್ಳೆ ಊದಿ ನಿಲ್ಲಿಸುತ್ತಾರೆ. ಮಗು ಮುಖ ನೋಡಿ ಇನ್ನೂ ಬೇಕು ಅನ್ನುತ್ತಾ ಅಂತ ಕಾಯುತ್ತಾರೆ. ಪುಟ್ಟ ಆ ಮೇಡಂ ಮುಖ ನೋಡಲೇ ಇಲ್ಲ. ಅವರ ಕೈ ಹಿಡಿದು ಡಬ್ಬಿಯ ಮೇಲೆ ಇಟ್ಟ, ಯಾವುದೋ ಚಮಚ ಇಟ್ಟ ಹಾಗೆ. ಗೊಂಬೆಗೆ ಊಟ ಮಾಡಿಸು ಅಂದರೆ ಗೊಂಬೆ ಬಿಟ್ಟು ತಟ್ಟೆ ತಿರುಗಿಸಿದ. ಮನೆಯಲ್ಲಿ ಇದನ್ನೆಲ್ಲ ನೂರು ಸಲ ನೋಡಿದ್ದೆ. ಅವತ್ತೇ ಕಣ್ಣಿಗೆ ಬಿದ್ದಿದ್ದು.

ನಮಗೆ ಹಾಕಿದ್ದು ಇಸಾ ಅನ್ನುವ, ನಮ್ಮ ದೇಶದ್ದೇ ಅಳತೆ. 40 ಅಂಶ, ಒಂದೊಂದಕ್ಕೆ 1ರಿಂದ 5. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. 70ಕ್ಕಿಂತ ಕಡಿಮೆ ಇದ್ದರೆ ಆಟಿಸಂ ಅಲ್ಲ ಅಂತ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರಾಚೆ ತೀವ್ರ. ಪುಟ್ಟನಿಗೆ 98. ಒಂದು ಕ್ಷಣ ನನಗೆ ಖುಷಿಯೇ ಆಗಿತ್ತು, ಡಿಸ್ಟಿಂಕ್ಷನ್ ಅಂತ. ನಿನ್ನ ಮಗಳು ಎರಡೂವರೆ ವರ್ಷದವಳು, ಅವಳಿಗೆ ಬೇರೆ ಪಟ್ಟಿ ಬಳಸಬಹುದು. ಆಟಿಸಂ ಅಂತ ಬರೆಯದೆ "ಆರು ತಿಂಗಳು ಬಿಟ್ಟು ಬನ್ನಿ" ಅಂದರೂ ಅನ್ನಬಹುದು. ಹಾಗಂದರೂ ಥೆರಪಿ ಈಗಲೇ ಶುರು ಮಾಡಬಹುದಾ ಅಂತ ಕೇಳಿಯೇ ಎದ್ದು ಬಾ. ನಮಗೆ ಊರಿನ ಡಾಕ್ಟರೊಬ್ಬರು "ಗಂಡುಮಕ್ಕಳು ಮಾತಾಡೋದೇ ತಡ" ಅಂದು ಒಂದು ವರ್ಷ ಕಳೆಸಿದರು. ಆ ಸಿಟ್ಟು ಇನ್ನೂ ಹೋಗಿಲ್ಲ.

ರಕ್ತ ತೆಗೆದು, ಸ್ಕ್ಯಾನ್ ಮಾಡಿ ಆಟಿಸಂ ಹೌದೋ ಅಲ್ಲವೋ ಹೇಳೋಕೆ ಆಗಲ್ಲ. ಹಾಗೆ ಹೇಳ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ. ನಿಮ್ಮ ಅಮ್ಮ ನಾಲಿಗೆಗೆ ಬಜೆ ತೇಯ್ದು ತಿಕ್ಕಿ ಅಂತಾರೆ, ನಮ್ಮಮ್ಮನೂ ಅಂದಿದ್ದರು. ಜಗಳ ಆಡಬೇಡ, ಆದರೆ ಅದನ್ನು ನಂಬಿ ಕಾಯಲೂ ಬೇಡ. ಚುಚ್ಚುಮದ್ದಿನಿಂದ ಬಂತು ಅನ್ನುವವರೂ ಸಿಗುತ್ತಾರೆ. ಹಾಗೆ ಹೇಳಿದ 1998ರ ಲೇಖನವನ್ನು ಅಚ್ಚು ಹಾಕಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿದೆ. ಬಸುರಿಯಾಗಿದ್ದಾಗ ನಿನ್ನ ಹೆಂಡತಿ ಹಾಗೆ ಮಾಡಿದಳು, ಹೀಗೆ ಮಾಡಿದಳು ಅಂತ ಮನೆಯಲ್ಲಿ ಯಾರಾದರೂ ಶುರು ಮಾಡಿದರೆ ಮಾತ್ರ ಸುಮ್ಮನಿರಬೇಡ. ನಾನು ಸುಮ್ಮನಿದ್ದೆ. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಅಂಗವಿಕಲರ ಸರ್ಟಿಫಿಕೇಟು, ಯುಡಿಐಡಿ ಅನ್ನೋ ಗುರುತಿನ ಕಾರ್ಡು ಅಂತ ಅವತ್ತೇ ತಲೆ ಕೆಡಿಸಿಕೊಳ್ಳಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ, ಅದನ್ನು ಆಮೇಲೆ ಮಾಡಿಸೋಣ, ನಾನೂ ಬರ್ತೀನಿ.

ಅವಳು ಬಿಡದೆ ಹಿಡಿದುಕೊಳ್ಳುವ ಆ ಹಳದಿ ಬಟ್ಟಲು ಮರೆಯಬೇಡ. ಮೊಸರನ್ನ ಕಟ್ಟಿಕೋ. ಮುಗಿದ ಮೇಲೆ ರಿಪೋರ್ಟನ್ನು ಅಲ್ಲೇ ಕಾರಿಡಾರಿನಲ್ಲಿ ನಿಂತು ಓದಬೇಡ, ಬ್ಯಾಗಿಗೆ ಹಾಕು. ಮೊದಲು ಮೂವರೂ ಊಟ ಮಾಡಿ. ಆಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ,
ಪುಟ್ಟನ ಅಪ್ಪ