ನೀನು ನೋಡದ ನಿಮಿಷಗಳು

ಪ್ರೀತಿಯ ಪುಟ್ಟಿ,

ಸೋಮವಾರ ನಿನ್ನನ್ನು ಹೊಸ ನರರೋಗ ತಜ್ಞರು ನೋಡುತ್ತಾರೆ. 18 ತುಂಬಿತು, ಮಕ್ಕಳ ವಿಭಾಗದ ಬಣ್ಣದ ಗೋಡೆಗಳಿಗೂ ನಮಗೂ ಋಣ ಮುಗಿಯಿತು. ಮೊನ್ನೆ ನೀನು, "ಈ ಸಲ ಒಳಗೆ ನಾನೊಬ್ಬಳೇ ಹೋಗುತ್ತೇನಮ್ಮ" ಎಂದೆ. ಸರಿ ಎಂದೆ. ಎಂದವಳು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಿನ್ನ ಫಿಟ್ಸಿನ 9 ವರ್ಷಗಳ ಫೈಲು ಮೇಜಿನ ಮೇಲಿದೆ. ಇನ್ನು ಅದು ನಿನ್ನದು. ಆದರೆ ಅದರಲ್ಲಿ ಇಲ್ಲದ ಕೆಲವು ಸಂಗತಿಗಳು ನನ್ನ ಹತ್ತಿರ ಉಳಿದುಬಿಟ್ಟಿವೆ.

ಮೊದಲು ನಿನ್ನ ಹಲ್ಲಿನ ವಿಷಯ. ಮುಂದಿನ ಹಲ್ಲಿನ ತುದಿ ಮುರಿದಿದೆಯಲ್ಲ, ಬಿದ್ದು ಮುರಿಯಿತು ಎಂದೇ ಹೇಳುತ್ತಾ ಬಂದಿದ್ದೇನೆ. ಸುಳ್ಳು. ಮುರಿದವಳು ನಾನು. ಆ ಬೆಳಗಿನ ಜಾವ ನಿನ್ನ ಕೋಣೆಯಿಂದ ಬಂದ ಸದ್ದಿಗೆ ಓಡಿ ಬಂದೆ. ನಿನ್ನ ಮೈ ಸೆಟೆದಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು. ನಾಲಿಗೆ ನುಂಗಿಬಿಡುತ್ತೀಯೆಂದು ಹೆದರಿ ಚಮಚವನ್ನು ಬಾಯಿಗೆ ತುರುಕಿದೆ. ನಾಲಿಗೆಯನ್ನು ಯಾರೂ ನುಂಗಲಾರರು, ಬಾಯಿಗೆ ಏನನ್ನೂ ಹಾಕಬಾರದು, ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂರಬೇಕು ಎಂಬುದೆಲ್ಲ ತಿಳಿದದ್ದು ಆಮೇಲೆ. ಹೆಚ್ಚಿನ ಸೆಳೆತಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಆಂಬುಲೆನ್ಸ್ ಕರೆಯಬೇಕು. ಇದನ್ನು ನಿನ್ನ ಗೆಳತಿಯರಿಗೆ ನೀನೇ ಹೇಳಿಕೊಡು. ಚಮಚದ ಕಥೆಯನ್ನೂ ಸೇರಿಸಿ ಹೇಳು, ಮರೆಯುವುದಿಲ್ಲ.

ಅಂದು ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಕೈ ಮೊದಲು ಅದುರಿತು?" ನನಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತು? ಒಂದು ಗಂಟೆ ಎಂದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಿದರು, ಆ ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಕಡೆ ಒಬ್ಬರು ಆ ಕಾಗದ ನೋಡಿ, "ನಾರ್ಮಲ್ ಇದೆ, ತಲೆಸುತ್ತು ಬಂದಿರಬೇಕು" ಎಂದು ಕಳಿಸಿಬಿಟ್ಟರು. ನಾನು ಖುಷಿಯಿಂದಲೇ ಮನೆಗೆ ಬಂದೆ. ಅರ್ಧ ಗಂಟೆ ಕಿಟಕಿಯ ಬಳಿ ನಿಂತು, ಮಳೆ ಕಾಣಲಿಲ್ಲವಾದ್ದರಿಂದ ಮಳೆಗಾಲವೇ ಇಲ್ಲ ಎಂದು ನಂಬಿದ ಹಾಗೆ. ಎರಡು ತಿಂಗಳಿಗೆ ಮತ್ತೆ ಬಂತು. ಈ ಸಲ ನೋಡಿದೆ: ತಲೆ ಎಡಕ್ಕೆ ಹೊರಳಿತು, ಎಡಗೈ ಬೆರಳುಗಳು ಅದುರಿದವು, ಆಮೇಲೆ ಇಡೀ ಮೈ. ಹಾಗಿದ್ದರೆ ಮೂಲ ಮಿದುಳಿನ ಬಲಭಾಗದಲ್ಲಿರಬಹುದು ಎಂದರು ಡಾಕ್ಟರು. ರಾತ್ರಿ ನಿದ್ದೆಗೆಡಿಸಿ ಮಾಡಿದ ಎರಡನೆಯ ಇಇಜಿ ಅದನ್ನೇ ಹೇಳಿತು. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿದ್ದು 1924ರಲ್ಲಿ. ನೂರು ವರ್ಷವಾದರೂ ಡಾಕ್ಟರು ಯಂತ್ರಕ್ಕಿಂತ ಮೊದಲು ಕೇಳುವುದು, ಯಾರು ನೋಡಿದಿರಿ ಎಂದೇ.

ಅಪಸ್ಮಾರ ಎಂಬ ಹಳೆಯ ಹೆಸರಿನಲ್ಲೇ ಸ್ಮರಣೆ ತಪ್ಪುವ ಮಾತಿದೆ. ನಿನಗೆ ನೆನಪಿಲ್ಲದ ಆ ನಿಮಿಷಗಳೆಲ್ಲ ನನ್ನಲ್ಲಿದ್ದವು. ಅದರಿಂದಲೇ ಇರಬೇಕು, ನಿನ್ನ ಕಾಯಿಲೆಯೇ ನನ್ನದು ಎನ್ನುವ ಹಾಗೆ ನಡೆದುಕೊಂಡೆ. ಡಾಕ್ಟರು "ಹೇಗಿದ್ದೀಯಮ್ಮಾ?" ಎಂದು ನಿನ್ನನ್ನು ಕೇಳಿದರೆ "ಚೆನ್ನಾಗಿದ್ದಾಳೆ ಡಾಕ್ಟರೇ" ಎಂದು ನಾನು ಹೇಳುತ್ತಿದ್ದೆ. "ಫಿಟ್ಸ್ ಬಂತೇ?" "ಇಲ್ಲ." "ಸರಿ, ಅದೇ ಮಾತ್ರೆ ಮುಂದುವರಿಸಿ." ಮೂರು ಗಂಟೆ ಕಾದು ಮೂರು ನಿಮಿಷ.

ಆ ಮೂರು ನಿಮಿಷದಲ್ಲಿ ಏನೆಲ್ಲ ತಪ್ಪಿಹೋಯಿತು ಎಂದು ಈಗ ಲೆಕ್ಕ ಹಾಕುತ್ತೇನೆ. ಮೊದಲ ಮಾತ್ರೆ ಕಾರ್ಬಮಜೆಪೀನ್‌ನಿಂದ ಮೈಯೆಲ್ಲ ಕೆಂಪು ದದ್ದು ಎದ್ದಾಗ ಅದು ಕಣ್ಣಿಗೆ ಕಂಡಿತು, ಅಂದೇ ಫೋನ್ ಮಾಡಿ ಕೇಳಿದೆ, ನಿಲ್ಲಿಸಿದರು. ಲೆವೆಟಿರಾಸೆಟಾಮ್ ಶುರುವಾದ ಮೇಲೆ ನೀನು ಬಾಗಿಲು ಬಡಿಯತೊಡಗಿದೆ, ಕಾರಣವಿಲ್ಲದೆ ಅಳತೊಡಗಿದೆ. ವಯಸ್ಸಿನ ಪ್ರಭಾವ ಎಂದುಕೊಂಡು ಆರು ತಿಂಗಳು ನಿನ್ನನ್ನು ಬೈದೆ. ಸಿಟ್ಟು, ಮನಸ್ಸು ಕುಸಿಯುವುದು ಆ ಔಷಧದ ಅಡ್ಡಪರಿಣಾಮಗಳೆಂದು ಮಾತ್ರೆಯ ಡಬ್ಬದೊಳಗಿನ ಚೀಟಿಯಲ್ಲೇ ಅಚ್ಚಾಗಿತ್ತು. ಓದಲಿಲ್ಲ. ಆ ಬೈಗುಳಗಳಿಗೆ ಕ್ಷಮೆ ಕೇಳುತ್ತೇನೆ. ಎಲ್ಲದಕ್ಕೂ ಅಲ್ಲ, ಕೆಲವಕ್ಕೆ ನೀನು ಅರ್ಹಳಾಗಿದ್ದೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. 15ನೇ ವಯಸ್ಸಿನಲ್ಲಿ ನೀನು ಮಾತ್ರೆ ತಪ್ಪಿಸುತ್ತಿದ್ದೆ. ಪುಸ್ತಕಗಳ ಹಿಂದೆ ಮಾತ್ರೆಗಳು ನನಗೆ ಸಿಕ್ಕಿದ್ದವು. ಅದಾದ ವಾರಕ್ಕೆ ಸೆಳೆತ ಬಂತು. ಡಾಕ್ಟರು ಕೇಳಿದಾಗ, ನಿನ್ನನ್ನು ಬಯ್ಯುತ್ತಾರೆಂದು, "ತಪ್ಪದೆ ಕೊಡುತ್ತಿದ್ದೇನೆ" ಎಂದುಬಿಟ್ಟೆ. ಔಷಧ ಸಾಲದಾಗಿದೆ ಎಂದು ಅವರು ಡೋಸ್ ಏರಿಸಿದರು. ನೀನು ಆ ವರ್ಷವೆಲ್ಲ ತರಗತಿಯಲ್ಲಿ ತೂಕಡಿಸಿದ್ದು ನನ್ನ ಸುಳ್ಳಿನ ಡೋಸ್‌ನಿಂದ. ಸೋಮವಾರ ಹೊಸ ಡಾಕ್ಟರಿಗೆ ಇದನ್ನು ಹೇಳು. ಸರಿಯಾದ ಎರಡು ಔಷಧಗಳನ್ನು ಸರಿಯಾಗಿ ತೆಗೆದುಕೊಂಡೂ ಫಿಟ್ಸ್ ನಿಲ್ಲದಿದ್ದರೆ ಔಷಧಕ್ಕೆ ಬಗ್ಗದ ಅಪಸ್ಮಾರ ಎನ್ನುತ್ತಾರೆ, ಶಸ್ತ್ರಚಿಕಿತ್ಸೆಯ ಮಾತೂ ಬರುತ್ತದೆ. ಆ ತೀರ್ಮಾನ ಸುಳ್ಳು ಲೆಕ್ಕದ ಮೇಲೆ ಆಗಬಾರದು.

ನಾನು ಕೇಳದೆ ಬಿಟ್ಟ ಪ್ರಶ್ನೆಗಳೂ ಇವೆ, ಒಂದು ನಾಚಿಕೆಯಿಂದ, ಒಂದು ಭಯದಿಂದ. ವ್ಯಾಲ್ಪ್ರೋಯೇಟ್ ಎಂಬ ಔಷಧ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಫಿಟ್ಸಿನ ಕೆಲವು ಮಾತ್ರೆಗಳು ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ನಿನ್ನ ಔಷಧ ಬದಲಿಸುವ ಮಾತು ಬಂದರೆ ಇದನ್ನು ಕೇಳು. ಈಗಲೇ ಯಾಕೆ ಎಂದು ಯಾರಾದರೂ ಹುಬ್ಬೇರಿಸಿದರೂ ಕೇಳು.

ಭಯದ್ದು ಇದು. ರಾತ್ರಿ ನಿನ್ನ ಕೋಣೆಯ ಬಾಗಿಲಲ್ಲಿ ನಾನು ನಿಲ್ಲುತ್ತೇನೆಂದು ಎಷ್ಟು ಸಲ ಜಗಳವಾಡಿದ್ದೀಯ. ಅಪಸ್ಮಾರವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಇದ್ದಕ್ಕಿದ್ದಂತೆ ಸಾಯುತ್ತಾರೆ, ಹೆಚ್ಚಾಗಿ ನಿದ್ದೆಯಲ್ಲಿ. ಯಾವ ಡಾಕ್ಟರೂ ನಮಗೆ ಹೇಳಲಿಲ್ಲ, ಒಂದು ರಾತ್ರಿ ನಾನೇ ಓದಿ ತಿಳಿದೆ. ಇಡೀ ಮೈಗೆ ಬರುವ ದೊಡ್ಡ ಸೆಳೆತಗಳು ಹತೋಟಿಯಲ್ಲಿದ್ದಷ್ಟೂ ಅಪಾಯ ಕಡಿಮೆ. ಹಾಸ್ಟೆಲಿನ ಬಾಗಿಲಲ್ಲಿ ನಾನು ನಿಲ್ಲಲಾರೆ. ಆದ್ದರಿಂದ ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ತಂದಿಟ್ಟುಕೋ, ರಾತ್ರಿ ನಿದ್ದೆಗೆಡಬೇಡ.

ಕಳೆದ ತಿಂಗಳು ನೀನು ಮಾತಿನ ನಡುವೆ ಹೇಳಿದೆ: ಕೆಲವೊಮ್ಮೆ ಹೊಟ್ಟೆಯೊಳಗಿಂದ ಏನೋ ಮೇಲೇರಿ ಬರುತ್ತದೆ, ಆ ಕ್ಷಣ ಮೊದಲೇ ನಡೆದುಹೋಗಿತ್ತು ಎನಿಸುತ್ತದೆ, ಆಮೇಲೆ ಏನೂ ಇಲ್ಲ. ನಾನು ಗ್ಯಾಸ್ ಎಂದೆ. ಅಂಥದ್ದು ಹಲವು ಸಲ ಒಂದು ಚಿಕ್ಕ ಸೆಳೆತವೇ ಆಗಿರುತ್ತದಂತೆ. ಫೈಲಿನಲ್ಲಿ "14 ತಿಂಗಳಿಂದ ಫಿಟ್ಸ್ ಇಲ್ಲ" ಎಂದಿದೆಯಲ್ಲ, ಅದು ನಾನು ಎಣಿಸಿದ್ದು. ನೀನು ಎಣಿಸಿದ್ದನ್ನು ಯಾರೂ ಕೇಳಿಲ್ಲ. ನಾನು ನೋಡಲಾರದ್ದು ಇದೊಂದು, ಇದಕ್ಕೆ ಸಾಕ್ಷಿ ನೀನೇ.

ನಿನಗೆ ಸೆಳೆತ ಬಂದಾಗ ನಾನು ತೆಗೆದ ವಿಡಿಯೊವನ್ನು ತೋರಿಸು ಎಂದು 12ನೇ ವಯಸ್ಸಿನಲ್ಲಿ ನೀನು ಹಟ ಹಿಡಿದಿದ್ದೆ. ಅಳಿಸಿಬಿಟ್ಟೆ ಎಂದು ನಾನು ಹೇಳಿದ್ದೆ. ಅಳಿಸಿಲ್ಲ. 1 ನಿಮಿಷ 50 ಸೆಕೆಂಡ್ ಇದೆ, ಕೊನೆಯಲ್ಲಿ ನನ್ನ ದನಿಯೂ ಇದೆ. ನಿನ್ನ ಮೊಬೈಲಿಗೆ ಕಳಿಸಿದ್ದೇನೆ. ನೋಡುವುದು, ಬಿಡುವುದು, ಡಾಕ್ಟರಿಗೆ ತೋರಿಸುವುದು ನಿನಗೆ ಬಿಟ್ಟದ್ದು.

ಸೋಮವಾರ ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಬೇಕಾದರೆ ಕರೆ.

ನಿನ್ನ
ಅಮ್ಮ