ಶನಿವಾರ ಲ್ಯಾಪ್‌ಟಾಪ್ ತನ್ನಿ, ಸ್ಕ್ರ್ಯಾಚ್ ಕಲಿಯೋಣ
ಬಿ.ಎಡ್. ಗೆಳೆಯರೇ, ಶನಿವಾರ ಮಧ್ಯಾಹ್ನ 2ಕ್ಕೆ ಮಡಿಕೇರಿಯಲ್ಲಿ ಸೇರೋಣ. ಮಳೆಗೆ ಕರೆಂಟ್ ನಂಬೋಕಾಗಲ್ಲ, ಚಾರ್ಜ್ ಮಾಡಿಕೊಂಡೇ ಬನ್ನಿ. ಸ್ಕ್ರ್ಯಾಚ್ ಅಂದರೆ ಮಕ್ಕಳೂ ಸುಲಭವಾಗಿ ಕೋಡಿಂಗ್ ಮಾಡಬಹುದಾದ ಆ್ಯಪ್, ಉಚಿತ. ಮನೆಯಲ್ಲೇ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ.

"ಕೋಡಿಂಗ್ ಗಣಿತದವರಿಗೆ, ಕನ್ನಡ, ಸಮಾಜ ಕಲಿಸುವ ನಮಗ್ಯಾಕೆ?" ಎಂದು ಕೆಲವರು ಕೇಳಿದ್ದೀರಿ. ನನಗೂ ಮೊದಲು ಭಯವಿತ್ತು. ಆದರೆ ಇಲ್ಲಿ ಬಣ್ಣದ ಬ್ಲಾಕ್‌ಗಳನ್ನು ಒಂದರ ಕೆಳಗೊಂದು ಜೋಡಿಸುವುದಷ್ಟೇ. ಹೋದ ವಾರ ಸ್ಕ್ರ್ಯಾಚ್‌ನಲ್ಲಿ ಕಾವೇರಿ ನದಿಯ ಪಾಠ ಮಾಡಿದೆ. ತಲಕಾವೇರಿಯಿಂದ ಹೊರಟ ನೀಲಿ ಚುಕ್ಕೆ ಭಾಗಮಂಡಲದಲ್ಲಿ ಕನ್ನಿಕೆ ನದಿಯನ್ನು ಸೇರಿ ಕುಶಾಲನಗರದ ಕಡೆ ಹರಿಯಬೇಕಿತ್ತು. ಅದು ಬೇರೆ ದಿಕ್ಕಿಗೆ ಓಡಿತು. ತಿರುಗುವ ಬ್ಲಾಕಿನಲ್ಲಿ 90 ಡಿಗ್ರಿ ಅಳಿಸಿ 15 ಹಾಕಿದೆ, ದಾರಿಗೆ ಬಂತು. ಆಗಿನ ಖುಷಿ ಹೇಳೋಕಾಗಲ್ಲ!

ಮಕ್ಕಳಿಗೆ ಅರ್ಥ ಮಾಡಿಸಲು ನಿಮಗೆ ಜಾಸ್ತಿ ಕಷ್ಟವಾದ ಒಂದು ಪಾಠ ಯೋಚಿಸಿಕೊಂಡು ಬನ್ನಿ. ಲ್ಯಾಪ್‌ಟಾಪ್ ಇಲ್ಲದವರೂ ಬನ್ನಿ, ಇಬ್ಬರಿಗೊಂದು ಸಾಕು. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.