ಬಿಡಿಭಾಗದ ಬಿಲ್ಲಿನಲ್ಲಿ ಹೆಸರೂ ನಂಬರೂ ಇರಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಹುಬ್ಬಳ್ಳಿ-ಧಾರವಾಡದ ಯಾವ ಗ್ಯಾರೇಜಿಗೆ ಕಾರು ಒಯ್ದರೂ ಬಾನೆಟ್ ಎತ್ತಿ ನೋಡಿದ ಮಿಸ್ತ್ರಿ ಕೇಳುವ ಪ್ರಶ್ನೆ ಒಂದೇ: “ಕಂಪನೀದ ಹಾಕಲೇನ್ರಿ ಸರ, ಲೋಕಲ್ ಹಾಕಲೇನ್ರಿ?” ಕಾರು ತಯಾರಕರ ಹೆಸರಿನ ಡಬ್ಬಿಯಲ್ಲಿ ಬಂದದ್ದು ಕಂಪನೀದು, ಮಿಕ್ಕಿದ್ದೆಲ್ಲ ಲೋಕಲ್. ಹೆಸರಾಂತ ತಯಾರಕರ ಗಟ್ಟಿ ಮಾಲು, ಹೆಸರೇ ಇಲ್ಲದ ಅಗ್ಗದ ಮಾಲು, ಬೇರೆಯವರ ಹೆಸರು ಕದ್ದು ಅಚ್ಚು ಹಾಕಿದ ನಕಲಿ ಮಾಲು, ಈ ಮೂರನ್ನೂ ಲೋಕಲ್ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿಟ್ಟಿರುವುದರಿಂದ, ದುಡ್ಡು ಉಳಿಸಲು ಹೊರಟ ಗ್ರಾಹಕನಿಗೆ ತಾನು ಕೊಂಡದ್ದೇನು ಎಂಬುದೇ ತಿಳಿಯದಂತಾಗಿದೆ. ನನಗೂ ತಿಳಿದಿರಲಿಲ್ಲ.

ನನ್ನ ಕಾರಿಗೆ ಈಗ ಹನ್ನೊಂದು ವರ್ಷ. ಮಳೆಗಾಲ ಮುಗಿದ ಮೇಲೆ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಬೇಕಾಗಿ ಬಂದಾಗ ನಾನೂ “ಲೋಕಲ್ ನಡೀತದ” ಎಂದೆ. 650 ರೂಪಾಯಿಯ ಜೋಡಿ ಬಂತು, ಬಿಲ್ಲು ಬರಲಿಲ್ಲ. ಡಬ್ಬಿ ಯಾವುದೆಂದು ನೋಡಲೂ ಇಲ್ಲ, ಏಕೆಂದರೆ ನಾನು ಆ ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಎರಡು ತಿಂಗಳ ನಂತರ ಮನೆಮಂದಿಯೊಂದಿಗೆ ಗೋಕರ್ಣಕ್ಕೆ ಹೊರಟು, ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಇಳಿಯುತ್ತಿದ್ದಾಗ ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಪೆಡಲ್ ಮೆತ್ತಗಾಗಿ ಒತ್ತಿದಷ್ಟೂ ಕೆಳಗಿಳಿಯತೊಡಗಿತು. ಎರಡನೇ ಗೇರಿಗೆ ಇಳಿಸಿ, ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಮುಕ್ಕಾಲು ಗಂಟೆ ಗಾಲಿಗಳು ಆರುವವರೆಗೆ ಕಾದೆವು. ಅಂಕೋಲೆಯಲ್ಲಿ ಗಾಲಿ ಬಿಚ್ಚಿಸಿ ನೋಡಿದರೆ, ಒಂದು ಪ್ಯಾಡಿನ ಕಪ್ಪು ಲೇಪವು ಹಿಂದಿನ ಉಕ್ಕಿನ ತಟ್ಟೆಯಿಂದ ಒಂದು ತುದಿಯಲ್ಲಿ ಎದ್ದು, ನಡುವೆ ಉಗುರು ತೂರುವಷ್ಟು ಸಂದಿ ಬಿಟ್ಟಿತ್ತು. ಮೇಲ್ಮೈ ಗಾಜಿನಂತೆ ನುಣ್ಣಗಾಗಿ ಹೊಳೆಯುತ್ತಿತ್ತು. ತಟ್ಟೆಯ ಹಿಂಬದಿಯಲ್ಲಿ ತಯಾರಕರ ಹೆಸರಾಗಲಿ, ಬ್ಯಾಚ್ ನಂಬರಾಗಲಿ ಇರಲಿಲ್ಲ. ಬರೀ ಬಣ್ಣ ಬಳಿದಿದ್ದರು.

ಪೆಡಲ್ ಮೆತ್ತಗಾದುದಕ್ಕೆ ಕಾರಣ ಬೇರೆಯೇ ಇತ್ತೆಂದು ಆ ಊರಿನ ಮಿಸ್ತ್ರಿ ತಿಳಿಸಿದರು. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 4 ದರ್ಜೆಯ ಹೊಸ ದ್ರವವು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದ್ದರೂ, ತೇವ ಹೀರಿದ ಮೇಲೆ ಅದೇ ದ್ರವಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಘಟ್ಟ ಇಳಿಯುವಾಗಿನ ಶಾಖಕ್ಕೆ ಅದು ಕುದಿದು ಆವಿಯ ಗುಳ್ಳೆಗಳೆದ್ದರೆ, ಕಾಲಿನ ಒತ್ತಡ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದು ಚಕ್ರದವರೆಗೆ ತಲುಪುವುದಿಲ್ಲ. ನನ್ನ ಗಾಡಿಗೆ ಹಾಕಿದ್ದು ಗ್ಯಾರೇಜಿನ ಕಪಾಟಿನಲ್ಲಿ ಎಷ್ಟು ದಿನದಿಂದ ಮುಚ್ಚಳ ಸಡಿಲಾಗಿ ಇತ್ತೋ ತಿಳಿಯದ ಬಾಟಲಿಯಿಂದ. ಹೀಗಾಗಿ ಪ್ಯಾಡಿನ ವಿಷಯದಲ್ಲಿ ಎಚ್ಚರ ವಹಿಸುವವರು ಬ್ರೇಕ್ ಆಯಿಲಿನ ಬಾಟಲಿಯ ಸೀಲನ್ನು ತಮ್ಮೆದುರೇ ಒಡೆಸಬೇಕೆಂದು ಈ ಮೂಲಕ ಕೋರುತ್ತೇನೆ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲರೂ ಕಂಪನಿ ಸಾಮಾನನ್ನೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಾರು ಕಂಪನಿಗಳು ಎಲ್ಲ ಬಿಡಿಭಾಗಗಳನ್ನು ತಾವೇ ತಯಾರಿಸುವುದಿಲ್ಲ. ಬಹುಪಾಲನ್ನು ಬೇರೆ ಕಾರ್ಖಾನೆಗಳಿಂದ ಮಾಡಿಸಿಕೊಳ್ಳುತ್ತವೆ. ಹಳೆಯ ಮಿಸ್ತ್ರಿಗಳು ಇಂದಿಗೂ ಮೈಕೋ ಎಂದೇ ಕರೆಯುವ, 2008ರಿಂದ ಬಾಷ್ ಎಂಬ ಹೆಸರಿನಲ್ಲಿರುವ ಬೆಂಗಳೂರಿನ ಕಂಪನಿಯ ಫಿಲ್ಟರು ಮತ್ತು ಪ್ಲಗ್ಗು, ಗೇಬ್ರಿಯಲ್‌ನ ಶಾಕ್ ಅಬ್ಸಾರ್ಬರು, ಲೂಕಾಸ್ ಟಿವಿಎಸ್‌ನ ಸ್ಟಾರ್ಟರ್ ಮೋಟರು, ಲುಮ್ಯಾಕ್ಸ್‌ನ ದೀಪ ಇವೆಲ್ಲ ಒಂದು ಕಡೆ ಕಾರು ಕಾರ್ಖಾನೆಗೂ ಹೋಗುತ್ತವೆ, ಇನ್ನೊಂದು ಕಡೆ ತಯಾರಕರ ಸ್ವಂತ ಡಬ್ಬಿಯಲ್ಲಿ ಪೇಟೆಗೂ ಬರುತ್ತವೆ. ಕಾರು ಕಂಪನಿಯ ಮುದ್ರೆಯಿಲ್ಲದ ಕಾರಣ ಇವುಗಳ ಬೆಲೆ ಸಾಮಾನ್ಯವಾಗಿ ಕಡಿಮೆ. ಯೋಗ್ಯ ಬೆಲೆಗೆ ನಂಬಬಹುದಾದ ಸಾಮಾನು ಬೇಕೆನ್ನುವವರು ಹುಡುಕಬೇಕಾದದ್ದು ಈ ವರ್ಗವನ್ನು. ತೊಂದರೆಯೆಂದರೆ, ನಕಲಿ ಮಾಲು ಹೊತ್ತು ಬರುವುದೂ ಇಂಥ ಹೆಸರುಗಳನ್ನೇ.

ಆದ್ದರಿಂದ ಹೆಸರಿಗಿಂತ ನಂಬರು ಮುಖ್ಯ. ಒಂದೇ ಮಾದರಿಯ ಕಾರಿನಲ್ಲಿ ವರ್ಷದ ನಡುವೆಯೇ ಬಿಡಿಭಾಗ ಬದಲಾಗುವುದುಂಟು. ಗಾಡಿಯ ಹೆಸರು ಮತ್ತು ಇಸವಿ ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕೊಟ್ಟು ಸರಿಯಾದ ಪಾರ್ಟ್ ನಂಬರನ್ನು ಮೊದಲು ತಿಳಿದುಕೊಂಡು, ಪೇಟೆಯ ತಯಾರಕರ ಪಟ್ಟಿಯಲ್ಲಿ ಅದಕ್ಕೆ ಹೊಂದುವ ನಂಬರು ಯಾವುದೆಂದು ನೋಡಿ ಕೊಳ್ಳುವುದು ಸರಿಯಾದ ಕ್ರಮ. ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಸಂಖ್ಯೆ ಇರಲೇಬೇಕೆಂದು ಪೊಟ್ಟಣ ಸರಕುಗಳ 2011ರ ನಿಯಮಗಳು ಹೇಳುತ್ತವೆ. ಇವಿಲ್ಲದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಹೊಲೊಗ್ರಾಮ್ ಹೊಳೆಯುತ್ತದೆಂದು ನಂಬಬೇಡಿ. ಅದನ್ನೂ ಅಚ್ಚು ಹಾಕುತ್ತಾರೆ. ಡಬ್ಬಿಯ ಮೇಲಿನ ನಂಬರು ಒಳಗಿನ ಸಾಮಾನಿನ ಮೇಲೂ ಕೆತ್ತಿದೆಯೇ ಎಂದು ನೋಡಿ. ಹಳೆಯ ಭಾಗವನ್ನು ಪಕ್ಕದಲ್ಲಿಟ್ಟು ತೂಕ, ಅಂಚು, ರಬ್ಬರಿನ ಮೃದುತ್ವ ಹೋಲಿಸಿದರೆ ಅರ್ಧ ಸಂಶಯ ಅಲ್ಲಿಯೇ ಕಳೆಯುತ್ತದೆ.

ನವಲಗುಂದ, ನರಗುಂದ, ಗದಗ ಕಡೆಯ ಎರೆಹೊಲಗಳ ನಡುವೆ ಬೇಸಿಗೆಯಲ್ಲಿ ಓಡಾಡುವವರಿಗೆ ಏರ್ ಫಿಲ್ಟರಿನ ಬಗ್ಗೆ ಒಂದು ಮಾತು. ಅಗ್ಗದ ಫಿಲ್ಟರಿನಲ್ಲಿ ಕೆಲವೊಮ್ಮೆ ಕಾಗದ ಚೆನ್ನಾಗಿಯೇ ಇದ್ದು, ಸುತ್ತಲಿನ ರಬ್ಬರ್ ಅಂಚು ಪೆಟ್ಟಿಗೆಗೆ ಸರಿಯಾಗಿ ಕೂರುವುದಿಲ್ಲ. ಆಗ ಧೂಳು ಕಾಗದದ ಮೂಲಕ ಹೋಗದೆ ಪಕ್ಕದ ಸಂದಿಯಿಂದ ನೇರವಾಗಿ ಎಂಜಿನ್ನಿಗೆ ನುಗ್ಗಿ ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ಸವೆಸುತ್ತದೆ. ಹೊಸ ಫಿಲ್ಟರ್ ಹಾಕಿ ಒಂದು ತಿಂಗಳಾದ ಮೇಲೆ, ಎಂಜಿನ್ ಆರಿಸಿ, ಫಿಲ್ಟರಿನ ಆಚೆ ಎಂಜಿನ್ ಕಡೆಗಿನ ಕೊಳವೆಯೊಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಧೂಳು ಹತ್ತಿದರೆ ಉಳಿಸಿದ ನೂರಿನ್ನೂರು ರೂಪಾಯಿ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ.

ಎಲ್ಲ ಭಾಗಗಳಿಗೂ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮ್ಯಾಟು, ಮಡ್ ಫ್ಲ್ಯಾಪು, ಬಾಗಿಲಿನ ಹಿಡಿಕೆ ಲೋಕಲ್ ಆದರೂ ನಡೆಯುತ್ತದೆ. ಬ್ರೇಕು, ಸ್ಟಿಯರಿಂಗು, ಲೋವರ್ ಆರ್ಮು, ಟೈಮಿಂಗ್ ಬೆಲ್ಟು ಇವುಗಳಲ್ಲಿ ಮಾತ್ರ ಚೌಕಾಶಿ ಬೇಡ. ಏರ್‌ಬ್ಯಾಗನ್ನು ಗುಜರಿಯಿಂದ ತಂದು ಹಾಕಿಸಿಕೊಳ್ಳುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ.

ಅಧಿಕೃತ ಸರ್ವಿಸ್ ಸೆಂಟರುಗಳ ಕೆಲ ಸಿಬ್ಬಂದಿ “ಹೊರಗಡೆ ಕೈ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆ” ಎಂದು ಹೆದರಿಸುವುದುಂಟು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿದ ಆದೇಶದಲ್ಲಿ, ಬಿಡಿಭಾಗಗಳು ಮುಕ್ತ ಪೇಟೆಯಲ್ಲಿ ಸಿಗುವಂತಾಗಬೇಕು, ಸ್ವತಂತ್ರ ಗ್ಯಾರೇಜಿಗೆ ಹೋದನೆಂಬ ಒಂದೇ ಕಾರಣಕ್ಕೆ ಗ್ರಾಹಕನ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದು ಎಂದು ಹೇಳಿತ್ತು. ಆ ಆದೇಶ ಮುಂದೆ ಮೇಲ್ಮನವಿಗಳಿಗೆ ಹೋಯಿತೆಂಬುದು ನಿಜ. ಹೊರಗೆ ಹಾಕಿಸಿದ ಭಾಗದಿಂದಲೇ ಕೆಟ್ಟದ್ದಕ್ಕೆ ಕಂಪನಿ ಹೊಣೆ ಹೊರುವುದಿಲ್ಲವೆಂಬುದೂ ನ್ಯಾಯವೇ. ಆದರೆ ಹೊರಗೆ ವೈಪರ್ ಬದಲಿಸಿದವನ ಗೇರ್‌ಬಾಕ್ಸಿನ ವಾರಂಟಿ ತಪ್ಪುವುದು ಯಾವ ನ್ಯಾಯ?

ಈಗ ನನ್ನ ಮುಖ್ಯ ಅಹವಾಲಿಗೆ ಬರುತ್ತೇನೆ. ಅಂಕೋಲೆಯಿಂದ ಮರಳಿ ಪ್ಯಾಡ್ ಹಿಡಿದುಕೊಂಡು ಗ್ಯಾರೇಜಿಗೆ ಹೋದಾಗ ಅವರು ಅಂಗಡಿಯತ್ತ ಬೆರಳು ತೋರಿಸಿದರು, ಅಂಗಡಿಯವರು “ಇದು ನಮ್ಮಲ್ಲಿಂದ ಒಯ್ದದ್ದೇ ಅಂತ ಹೆಂಗ ಹೇಳತೀರಿ?” ಎಂದರು. ಬಿಲ್ಲಿಲ್ಲದ ನಾನು ಉತ್ತರ ಕೊಡದಾದೆ. ಬಿಲ್ಲು ಕೇಳಿದರೆ ಜಿಎಸ್‌ಟಿ ಬೇರೆ ಬೀಳುತ್ತದೆ ಎನ್ನುವ ಮಾತು ನಮ್ಮಲ್ಲಿ ರೂಢಿಯಾಗಿದೆ. ಡಬ್ಬಿಯ ಮೇಲಿನ ಗರಿಷ್ಠ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ, ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ತೆರಿಗೆ ಶೇ 18ಕ್ಕೆ ಬಂದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷವಿರುವ ಸಾಮಾನನ್ನು 30 ದಿನಗಳೊಳಗೆ ವಾಪಸು ಪಡೆಯಲು ನಿರಾಕರಿಸುವುದೂ ಅದೇ ತಪ್ಪು. “ಮಾರಿದ ಸಾಮಾನನ್ನು ವಾಪಸು ಪಡೆಯುವುದಿಲ್ಲ” ಎಂಬ ಫಲಕ ನಮ್ಮ ಪೇಟೆಯಲ್ಲಿ ಇನ್ನೂ ಎಷ್ಟು ಅಂಗಡಿಗಳಲ್ಲಿ ತೂಗುತ್ತಿದೆ ಎಂಬುದನ್ನು ಓದುಗರೇ ಎಣಿಸಲಿ.

ಗದಗ, ಹಾವೇರಿ ಕಡೆಯ ಗ್ಯಾರೇಜಿನವರೂ ಸಾಮಾನಿಗಾಗಿ ಹುಬ್ಬಳ್ಳಿಗೇ ಬರುವುದರಿಂದ, ಇಲ್ಲಿನ ಅಂಗಡಿಗಳು ಸರಿಯಾದರೆ ಸುತ್ತಲಿನ ಊರುಗಳಿಗೂ ಅನುಕೂಲ. ಬಿಲ್ಲಿನಲ್ಲಿ ಬರೀ “ಬ್ರೇಕ್ ಪ್ಯಾಡ್ – 1” ಎಂದು ಬರೆಯದೆ ತಯಾರಕರ ಹೆಸರನ್ನೂ ಪಾರ್ಟ್ ನಂಬರನ್ನೂ ನಮೂದಿಸಬೇಕೆಂದು ಬಿಡಿಭಾಗ ವರ್ತಕರನ್ನು ಕೋರುತ್ತೇನೆ. ಗ್ಯಾರೇಜಿನವರು ಡಬ್ಬಿಯನ್ನು ಗಿರಾಕಿಯೆದುರು ತೆರೆದು, ಬಿಚ್ಚಿದ ಹಳೆಯ ಭಾಗವನ್ನು ಅವರಿಗೇ ಒಪ್ಪಿಸಬೇಕು. ಖಾಲಿ ಡಬ್ಬಿಯನ್ನು ಹರಿದೇ ಎಸೆಯಬೇಕು, ಇಡಿಯಾಗಿ ಗುಜರಿಗೆ ಹೋದ ಡಬ್ಬಿ ಮತ್ತೆ ತುಂಬಿಕೊಂಡು ಬರಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿ, ಪೆಟ್ರೋಲ್ ಪಂಪುಗಳನ್ನು ಪರೀಕ್ಷಿಸುವಂತೆ ಬಿಡಿಭಾಗದ ಅಂಗಡಿಗಳಲ್ಲಿನ ಡಬ್ಬಿಗಳನ್ನೂ ಒಮ್ಮೆ ಇಳಿಸಿ ನೋಡಲಿ.

ಈಗ ನನ್ನ ಗಾಡಿಯಲ್ಲಿರುವ ಪ್ಯಾಡ್ ಜೋಡಿಗೆ 1,450 ರೂಪಾಯಿ ಆಯಿತು. ಡಬ್ಬಿ ಕಾರು ಕಂಪನಿಯದಲ್ಲ. ಬಿಲ್ಲಿನಲ್ಲಿ ಹೆಸರಿದೆ, ನಂಬರಿದೆ, ಅದನ್ನು ಆರ್‌ಸಿಯ ಜೊತೆಗೇ ಇಟ್ಟಿದ್ದೇನೆ.

ಇಂತಿ,
ಒಬ್ಬ ಕಾರು ಮಾಲೀಕ
ವಿದ್ಯಾನಗರ, ಹುಬ್ಬಳ್ಳಿ